ಬಾಕ್ ಕೂಗಿದ ಎಲ್ವುಡ್

ಎಲ್ವುಡ್ ಪ್ರೂಯಿಟ್ ವಾರವಿಡೀ ಕ್ಷೌರದಂಗಡಿಯಲ್ಲಿರುತ್ತಿದ್ದ. ಭಾನುವಾರ ಮಧ್ಯಾಹ್ನ ಊರಿನ ಬೇಸ್‌ಬಾಲ್ ಪಂದ್ಯಕ್ಕೆ ಅವನೇ ಅಂಪೈರ್. ಕ್ಯಾನ್ಸಸ್‌ನ ಆ ಗೋಧಿಸೀಮೆಯಲ್ಲಿ ಅವನ ಕಣ್ಣು ತಪ್ಪಿಸಿ ಯಾವ ಪಿಚರ್ ಕೂಡ ಚೆಂಡೆಸೆಯಲಾರ ಎಂಬ ಮಾತಿತ್ತು. ಮೈದಾನದ ಮೂಲೆಗಳಲ್ಲಿನ ಯಾವುದಾದರೂ ಬೇಸ್ ಮೇಲೆ ಓಟಗಾರನಿದ್ದರೆ ಪಿಚರ್ ಎರಡೂ ಕೈ ಎದೆಗೆ ತಂದು, ಒಂದು ಗಳಿಗೆ ಅಲುಗದೆ ನಿಂತು, ಆಮೇಲೆ ಎಸೆಯಬೇಕು. ನಿಲ್ಲದೆ ಎಸೆದರೆ ‘ಬಾಕ್’. ಓಟಗಾರನಿಗೆ ಮುಂದಿನ ಬೇಸ್ ಪುಕ್ಕಟೆ.

೧೯೪೭ರ ಕೊನೆಯ ಪಂದ್ಯ. ಎರಡೂ ಕಡೆ ಸಮ. ಎದುರಾಳಿ ತಂಡದ ಓಟಗಾರ ಮೂರನೇ ಬೇಸ್‌ನಲ್ಲಿದ್ದ; ಇನ್ನೊಂದು ಬೇಸ್ ಮುಟ್ಟಿದರೆ ರನ್. ಊರಿನ ಎಡಗೈ ಪಿಚರ್ ರಾಯ್ಸ್ ಟ್ಯಾಕೆಟ್ ಎಸೆಯುತ್ತಿದ್ದಂತೆ ಎಲ್ವುಡ್ ‘ಬಾಕ್!’ ಎಂದು ಕೂಗಿದ. ಓಟಗಾರ ನಡೆದುಕೊಂಡೇ ಬಂದು ಗೆಲುವಿನ ರನ್ ಪಡೆದ.

"ನಾನು ನಿಂತಿದ್ದೆ ಕಣಯ್ಯಾ," ಎಂದ ರಾಯ್ಸ್.

"ನಿಂತಿರ್ಲಿಲ್ಲ. ಹೋಗ್ ಹೋಗು."

"ಇನ್ನೊಂದ್ಸಲ ಸರಿಯಾಗಿ ನೋಡು, ಎಲ್ವುಡ್."

ಆ ಚಳಿಗಾಲದಲ್ಲಿ ನ್ಯುಮೋನಿಯಾ ಬಂದು ರಾಯ್ಸ್ ತೀರಿಕೊಂಡ.

ವಸಂತದ ಮೊದಲ ಪಂದ್ಯದಲ್ಲಿ ಹೊಸ ಪಿಚರ್ ಕೈಗಳನ್ನು ಎದೆಗೆ ತಂದು ನಿಂತ. ಅವನೊಂದಿಗೆ ಮೈದಾನದಂಚಿನ ಬಾವುಟವೂ ನಿಂತಿತು. ಹೆಂಗಸರು ಬೀಸುತ್ತಿದ್ದ ಬೀಸಣಿಗೆಗಳು ನಿಂತವು. ಧೂಳು ಗಾಳಿಯಲ್ಲೇ ತೂಗಿ ನಿಂತಿತು. ಆಮೇಲೆ ಚೆಂಡು ಬಂತು.

"ಈಗ ಎಲ್ಲಾ ನಿಂತ್ಹೋಗಿತ್ತಲ್ಲ?" ಎಂದು ಎಲ್ವುಡ್, ಚೆಂಡು ಹಿಡಿಯಲು ತನ್ನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಕ್ಯಾಚರನನ್ನು ಕೇಳಿದ.

"ಪಿಚರ್ ನಿಂತ. ನಿಲ್ಲಿ ಅಂತ ಬಡ್ಕೊಳ್ಳೋನು ನೀನೇ ಅಲ್ವೇನಯ್ಯಾ?" ಎಂದು ಅವನು ನಕ್ಕ.

ವಾರದಿಂದ ವಾರಕ್ಕೆ ಆ ಸ್ತಬ್ಧತೆ ಬೆಳೆಯಿತು. ಜುಲೈ ಹೊತ್ತಿಗೆ ಎಲ್ವುಡ್ ಅದರೊಳಗೆ ಹನ್ನೆರಡರವರೆಗೆ ಎಣಿಸುತ್ತಿದ್ದ. ಆಗಸ್ಟಿನ ಒಂದು ಉರಿಬಿಸಿಲಲ್ಲಿ ನಲವತ್ತು ದಾಟಿದರೂ ಏನೂ ಅಲುಗಲಿಲ್ಲ. ನೊಣವೊಂದು ಅವನ ಮೂಗಿನೆದುರು ಸದ್ದಿಲ್ಲದೆ ನೇತಾಡುತ್ತಿತ್ತು. ಚೆಂಡೆಸೆಯುವ ದಿಬ್ಬದ ಮೇಲಿದ್ದವನು ಹೊಸ ಪಿಚರ್ ಆಗಿರಲಿಲ್ಲ. ರಾಯ್ಸ್ ಕೈಗಳನ್ನು ಎದೆಗಿಟ್ಟು ನಿಂತು ಅವನನ್ನೇ ನೋಡುತ್ತಿದ್ದ. ಎಲ್ವುಡ್ ಕಣ್ಣು ಮುಚ್ಚಲು ಹೋದ, ರೆಪ್ಪೆ ಕೂಡಲಿಲ್ಲ.

ಆಗ ಅವನಿಗೆ ನೆನಪಾಯಿತು. ಅಂದು ಕಣ್ಣಿಗೆ ಧೂಳು ಬಿದ್ದಿತ್ತು. ಮುಚ್ಚಿ ತೆರೆಯುವಷ್ಟರಲ್ಲಿ ರಾಯ್ಸ್‌ನ ತೋಳು ಎಸೆಯಲು ಮೇಲೆದ್ದಿತ್ತು.

"ನೀನು ನಿಂತಿದ್ದೆ, ಮಾರಾಯ. ನಾನೇ ನೋಡ್ಲಿಲ್ಲ," ಎಂದ ಎಲ್ವುಡ್.

ಬಾವುಟ ಪಟಪಟನೆ ಬಡಿಯಿತು. ಅವನು ಮುಖವಾಡ ಕಳಚಿ, ಪಂದ್ಯ ಬಿಟ್ಟು, ಬೇಲಿಯ ಬಳಿ ನಿಂಬೆ ಪಾನಕ ಮಾರುತ್ತಿದ್ದ ರಾಯ್ಸ್‌ನ ಅಕ್ಕ ಐಡೆಲಾಳ ಎದುರು ಹೋಗಿ ನಿಂತು ಎಲ್ಲವನ್ನೂ ಹೇಳಿದ.

ಅವಳು ಲೋಟ ಕೆಳಗಿಟ್ಟಳು. "ನಂಗೊಬ್ಳಿಗೇ ಯಾಕೆ ಹೇಳ್ತೀಯ? ಅವತ್ತು ಕೂಗಿದ್ದು ಊರಿಗೆಲ್ಲಾ ಕೇಳಿಸ್ತಲ್ಲ."

ಎಲ್ವುಡ್ ತಿರುಗಿ, ಬೆಂಚುಗಳೆಲ್ಲಕ್ಕೂ ಕೇಳುವಂತೆ ಕೂಗಿ ಹೇಳಿದ. ಕೆಲವರು ಉಗಿದರು. ಕೆಲವರು ವರ್ಷವಿಡೀ ಪಕ್ಕದೂರಿಗೆ ಹೋಗಿ ಕ್ಷೌರ ಮಾಡಿಸಿಕೊಂಡರು. ಅವನು ಮತ್ತೆ ಅಂಪೈರ್ ಆಗಲಿಲ್ಲ; ಭಾನುವಾರ ಐಡೆಲಾಳ ಪಕ್ಕ ಕೂತು ಪಂದ್ಯ ನೋಡುತ್ತಿದ್ದ. ಪಿಚರ್ ಸ್ತಬ್ಧನಾದಾಗಲೆಲ್ಲ ಅವಳು ಮೆಲ್ಲಗೆ ಕೇಳುವಳು: "ಇದಾನಾ?"

"ಇಲ್ಲ," ಎನ್ನುತ್ತಿದ್ದ ಎಲ್ವುಡ್. ಒಂದು ಸಲ ಮಾತ್ರ ದಿಬ್ಬದ ಕಡೆ ನೋಡಿ ಟೋಪಿ ತೆಗೆದ.