ಸೊನ್ನೆಯಲ್ಲ, ಅಡ್ಡಗೆರೆ

"ಹಾಂ ಸರ್, ಲೈನಿನಲ್ಲೇ ಇದೀನಿ, ಎಲ್ಲೂ ಹೋಗಿಲ್ಲ. ಈಗ ಪುಟದ ಎಡಗಡೆ ನೋಡಿ, ಒಂದರ ಕೆಳಗೊಂದು ಡಬ್ಬಿ ಇವೆ. ಮೊದಲನೇದು ಊರು. ಅದನ್ನ ಒತ್ತಿದ್ರೆ ಪಟ್ಟಿ ಇಳಿಯತ್ತೆ. ಇಳೀತಾ? ಇಲ್ಲ ಸರ್, ಮೇಲಿರೋದು ನಿಮ್ಮ ಫೋನಿನ ಬ್ಯಾಟರಿ, ಅದರ ತಂಟೆ ಬೇಡ. ಹಾಂ, ಊರು ಸಿಕ್ತಲ್ಲ. ಅದರ ಕೆಳಗೆ ವರ್ಷ, ತಿಂಗಳು. ಆಮೇಲೆ ಹೆಂಗಸೋ ಗಂಡಸೋ, ವಯಸ್ಸೆಷ್ಟು. ಕೊನೇದು ಸಾವಿನ ಕಾರಣ. ಕ್ಷಮಿಸಿ ಸರ್, ಈ ಮಾತು ದಿನವಿಡೀ ಹೇಳಿ ಹೇಳಿ ಹೀಗೆ ಸಲೀಸಾಗಿ ಬಂದ್ಬಿಡತ್ತೆ. ಈಗ ಕೆಳಗಿನ ನೀಲಿ ಗುಂಡಿ ಒತ್ತಿ. ಚಕ್ರ ಸುತ್ತತ್ತೆ, ಸುತ್ಲಿ ಬಿಡಿ. ಏನು ಬಂತು? ಅಡ್ಡಗೆರೆನಾ? ಅಡ್ಡಗೆರೆ ಬಂದ್ರೆ ಹತ್ತಕ್ಕಿಂತ ಕಡಿಮೆ ಅಂತ ಸರ್. ಅಷ್ಟು ಕಡಿಮೆ ಇದ್ರೆ ತೋರಿಸಲ್ಲ. ಸತ್ತೋರು ಯಾರು ಅಂತ ಅಕ್ಕಪಕ್ಕದೋರಿಗೆ ಗೊತ್ತಾಗಬಾರದಲ್ಲ, ಅದಕ್ಕೆ. ಇಲ್ಲ ಸರ್, ನನಗೂ ಕಾಣಲ್ಲ. ನಿಮಗೆ ಎಷ್ಟು ಕಾಣತ್ತೋ ನನಗೂ ಅಷ್ಟೇ."

ನನ್ನ ಸೊಸೆ ಬೆಳಗಿನಿಂದ ಸಂಜೆಯವರೆಗೆ ಆಡುವ ಮಾತು ಇದು. ಎಲ್ಲೆಲ್ಲಿ ಎಷ್ಟು ಜನ ಯಾವ ಕಾಯಿಲೆಯಿಂದ ಹೋದರು, ಎಷ್ಟು ಕೂಸುಗಳು ಹುಟ್ಟಿದವು ಎಂಬ ಲೆಕ್ಕವನ್ನೆಲ್ಲ ಸರ್ಕಾರ ಕಂಪ್ಯೂಟರಿನಲ್ಲಿ ಹಾಕಿದೆ. ಯಾರು ಬೇಕಾದರೂ ಕೇಳಿ ನೋಡಬಹುದು. ಕೇಳುವುದು ಹೇಗೆಂದು ತಿಳಿಯದವರು ಫೋನ್ ಮಾಡುತ್ತಾರೆ, ಅದನ್ನು ನನ್ನ ಸೊಸೆ ಎತ್ತುತ್ತಾಳೆ. ಓದುವ ಹುಡುಗರು, ಪತ್ರಿಕೆಯವರು, ನಾಳೆಯ ಮೀಟಿಂಗಿಗೆ ಇವತ್ತು ಎಚ್ಚರವಾಗುವ ಅಧಿಕಾರಿಗಳು. ಕಚೇರಿಯಲ್ಲಿ ಜಾಗ ಸಾಲದೆಂದು ಇವಳನ್ನು ಮನೆಯಿಂದಲೇ ಕೆಲಸ ಮಾಡಲು ಬಿಟ್ಟಿದ್ದಾರೆ. ಮನೆಯೆಂದರೆ ಎರಡು ಕೋಣೆ. ನಾವು ಊಟ ಮಾಡುವ ಮೇಜೇ ಅವಳ ಕಚೇರಿ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ನನ್ನ ಮಗ ಮಧ್ಯಾಹ್ನ ಬಂದರೆ ಗೋಡೆಗೆ ಒರಗಿ ನಿಂತು ಉಣ್ಣುತ್ತಾನೆ. "ಸರ್ಕಾರಿ ಕಚೇರಿಲಿ ಕುರ್ಚಿ ಸಿಗೋದು ಅಷ್ಟು ಸುಲಭಾನಾ?" ಎಂದು ನಗುತ್ತಾನೆ. ಅವಳು ನಗುವುದಿಲ್ಲ. ನಗಬೇಕೆಂದು ಅನ್ನಿಸುತ್ತದಂತೆ, ಬಾಯಿ ಸೋತಿರುತ್ತದಂತೆ.

ಮದುವೆಯಾಗಿ ಬಂದಾಗ ಅವಳು ಜೆರಾಕ್ಸ್ ಅಂಗಡಿಯಲ್ಲಿದ್ದಳು. ಆಗ ವಾಚಾಳಿ. ದಾರಿಯಲ್ಲಿ ಕಂಡದ್ದು, ಅಂಗಡಿಯಲ್ಲಿ ಕೇಳಿದ್ದು ಎಲ್ಲ ನನ್ನ ಮುಂದೆ ಸುರಿಯುತ್ತಿದ್ದಳು. ನಾನು ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವಳಲ್ಲ, ಲೋಕವೆಲ್ಲ ನನಗೆ ಕಿವಿಯಿಂದಲೇ ಬಂದದ್ದು. ಈಗ ಅವಳ ಮಾತೆಲ್ಲ ಹಗಲೇ ಖರ್ಚಾಗಿಬಿಡುತ್ತದೆ. ಸಂಜೆ ನಾನು ಏನಾದರೂ ಕೇಳಿದರೆ ಹುಬ್ಬು ಎತ್ತಿ ಉತ್ತರ ಕೊಡುತ್ತಾಳೆ. ಹುಬ್ಬಿನ ಭಾಷೆ ನನಗೂ ಅಭ್ಯಾಸವಾಗಿದೆ.

ಕಿವಿಗೆ ಹಾಕಿಕೊಳ್ಳುವ ಅದೊಂದು ಯಂತ್ರದಿಂದ ಕಿವಿಯ ಹಿಂದೆ ಕೆಂಪಗೆ ಗಾಯವಾಗಿದೆ. ನೋವು ಜಾಸ್ತಿಯಾದ ದಿನ ಅದನ್ನು ತೆಗೆದಿಟ್ಟು ಸ್ಪೀಕರ್ ಹಾಕುತ್ತಾಳೆ. ಹಾಗಾಗಿಯೇ ದರ್ಜಿಯ ಧ್ವನಿ ನನ್ನ ಕಿವಿಗೆ ಬಿದ್ದದ್ದು.

ಯಾವುದೋ ಸಣ್ಣ ಊರಿನ ದರ್ಜಿ, ವಯಸ್ಸಾದವರು. ಅವರ ಹೆಂಡತಿ ಉಸಿರಾಟದ ಕಾಯಿಲೆಯಿಂದ ತೀರಿಕೊಂಡಿದ್ದರು. ಆಗ ಆಸ್ಪತ್ರೆಯವರು ಕಾಗದ ಕಳಿಸಿದ್ದೇವೆ ಎಂದರು, ಊರ ಕಚೇರಿಯವರು ಬಂದಿಲ್ಲ ಎಂದರು, ಇಬ್ಬರ ನಡುವೆ ಅಲೆದು ಅಲೆದು ಇವರ ಚಪ್ಪಲಿ ಸವೆದಿತ್ತು. ಕೊನೆಗೆ ಮರಣದ ಪ್ರಮಾಣಪತ್ರವೇನೋ ಕೈಗೆ ಬಂತು. ಆದರೆ ಮನಸ್ಸಿನ ಹುಳ ಹೋಗಲಿಲ್ಲ.

"ನನಗೆ ಕೊಟ್ಟ ಕಾಗದ ನನ್ನ ಪೆಟ್ಟಿಗೇಲಿದೆ ತಾಯಿ. ಅವರ ಹತ್ರ ಏನಿದೆ, ಅದು ಹೇಳು. ಅವಳು ಲೆಕ್ಕಕ್ಕೆ ಸೇರಿದಾಳೋ ಇಲ್ವೋ, ಅಷ್ಟೇ ನನಗೆ ಬೇಕಾಗಿರೋದು" ಎನ್ನುತ್ತಿದ್ದರು.

ಯಾರೋ ಗಿರಾಕಿ ಅವರಿಗೆ ಆ ಪುಟ ತೋರಿಸಿಕೊಟ್ಟಿದ್ದರು. ದರ್ಜಿ ಊರು ಹಾಕಿದರು, ವರ್ಷ ಹಾಕಿದರು, ಅಡ್ಡಗೆರೆ ಬಂತು. ತಾನು ಅಳತೆ ಸರಿಯಾಗಿ ಕೊಡಲಿಲ್ಲ ಎಂದುಕೊಂಡರು. ತಿಂಗಳು ಹಾಕಿದರು, ಅಡ್ಡಗೆರೆ. ಹೆಂಗಸು ಎಂದು ಹಾಕಿದರು, ವಯಸ್ಸು ಹಾಕಿದರು, ಕಾಯಿಲೆ ಹಾಕಿದರು. ಅಡ್ಡಗೆರೆ, ಅಡ್ಡಗೆರೆ. ಹೆಂಡತಿಯನ್ನು ಬಿಡಿಸಿ ಬಿಡಿಸಿ ಹೇಳಿದಷ್ಟೂ ಆ ಯಂತ್ರ ಬಾಯಿ ಬಿಗಿಯಿತು.

"ಹತ್ತು ಜನ ಆಗ್ಲಿಲ್ಲ ಅಂತ ಎಸೆದ್ಬಿಟ್ರಾ? ಜೊತೆಗೆ ಇನ್ನೊಂಬತ್ತು ಜನ ಸಾಯ್ಬೇಕಿತ್ತಾ?" ಎಂದರು ಒಂದು ದಿನ.

ಸೊಸೆ ತನಗೆ ಕಲಿಸಿದ್ದನ್ನೇ ಹೇಳಿದಳು. "ಸರ್, ತಿಂಗಳು ತೆಗೆದ್ಬಿಡಿ. ವಯಸ್ಸೂ ತೆಗೀರಿ. ಊರಿನ ಬದಲು ಇಡೀ ಜಿಲ್ಲೆ ಹಾಕಿ. ಆಗ ಸಂಖ್ಯೆ ಬರತ್ತೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಹೊಲಿಗೆ ಯಂತ್ರದ ಸದ್ದು ಮಾತ್ರ ಕೇಳಿಸಿತು, ಇನ್ಯಾರೋ ತುಳಿಯುತ್ತಿದ್ದರೇನೋ. ಆಮೇಲೆ ದರ್ಜಿ ಹೇಳಿದರು: "ಇನ್ನೂರ ಹದಿನಾಲ್ಕು ಅಂತ ಬಂತು. ತಿಂಗಳು ಬಿಡು, ವಯಸ್ಸು ಬಿಡು, ಊರು ಬಿಡು ಅಂತೀಯಲ್ಲಮ್ಮ. ಅಷ್ಟೆಲ್ಲ ಬಿಟ್ಟ ಮೇಲೆ ಅವಳದು ಅಂತ ಉಳಿಯೋದೇನು?"

ಸೊಸೆ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಅವಳ ಚಹಾದ ಮೇಲೆ ಕೆನೆ ಕಟ್ಟಿತ್ತು.

ದರ್ಜಿ ಬಿಡಲಿಲ್ಲ, ಮತ್ತೆ ಮತ್ತೆ ಫೋನ್ ಮಾಡಿದರು. "ಬಂದ್ರು ನಿನ್ನ ಮಾವ" ಎಂದು ನಾನು ಛೇಡಿಸುತ್ತಿದ್ದೆ. ಕೊನೆಗೆ ಕಚೇರಿಯಲ್ಲಿ ಕೂತು ಇವರ ಕರೆಗಳನ್ನು ಕೇಳಿಸಿಕೊಳ್ಳುವ ಮೇಲಿನವಳೊಬ್ಬಳು ಸೊಸೆಗೇ ಫೋನ್ ಮಾಡಿದಳು, ವಯಸ್ಸಿನಲ್ಲಿ ಇವಳಿಗಿಂತ ಚಿಕ್ಕವಳು. "ಒಬ್ಬರಿಗೇ ಇಷ್ಟು ಹೊತ್ತು ಕೊಟ್ರೆ ಉಳಿದೋರು ಕಾಯ್ತಾರೆ. ಇನ್ನು ಆ ನಂಬರ್ ಬಂದ್ರೆ ಒಂದೇ ಮಾತು, ಅರ್ಜಿ ಬರೆದು ಕಳಿಸಿ ಅನ್ನಿ. ಗೆರೆ ಹಿಂದೆ ಎಷ್ಟಿದೆ, ಯಾರಿದಾರೆ ಅನ್ನೋ ಮಾತು ನಿಮ್ಮ ಬಾಯಿಂದ ಬರಲೇಬಾರದು, ಗೊತ್ತಲ್ಲ?" ಸೊಸೆ ಗೊತ್ತು ಎಂದಳು. ಅರ್ಜಿ ಹೋದರೆ ಏನಾಗುತ್ತದೆ ಎಂದು ನಾನು ಕೇಳಿದೆ. ಅವಳು ಹುಬ್ಬನ್ನೂ ಎತ್ತಲಿಲ್ಲ.

ಮಾರನೆಯ ದಿನ ದರ್ಜಿಯ ಕರೆ ಬಂತು.

"ತಾಯಿ, ಇವತ್ತು ಇನ್ನೊಂದು ಮಾಡಿದೆ. ಬಾಕಿಯೆಲ್ಲ ಹಾಗೇ ಇಟ್ಟು ಅವಳ ತಿಂಗಳ ಹಿಂದಿನ ತಿಂಗಳು ಹಾಕ್ದೆ. ಸೊನ್ನೆ ಬಂತು. ಮುಂದಿನ ತಿಂಗಳು ಹಾಕ್ದೆ, ಸೊನ್ನೆ. ವರ್ಷದ ಉಳಿದ ತಿಂಗಳೆಲ್ಲ ಒಂದೊಂದಾಗಿ ನೋಡ್ದೆ, ಸೊನ್ನೆನೇ. ಅವಳ ತಿಂಗಳಲ್ಲಿ ಮಾತ್ರ ಗೆರೆ. ನಾನೂ ಬೇಡವಾದ ಅಳತೆ ಮೇಲೆ ಹೀಗೇ ಗೆರೆ ಎಳೀತೀನಿ. ಉಳಿದ ತಿಂಗಳಿಗೆ ಸೊನ್ನೆನಾದ್ರೂ ಕೊಟ್ರು, ಇವಳಿಗೆ ಅದೂ ಇಲ್ಲ, ಹೊಡೆದು ಹಾಕಿದಾರೆ. ಅಷ್ಟು ಹೇಳ್ಬಿಡು, ಇನ್ನು ನಿನಗೆ ತೊಂದ್ರೆ ಕೊಡಲ್ಲ."

ಸೊಸೆ ಬಾಯಿ ತೆರೆದಳು. ಅರ್ಜಿಯ ಮಾತು ನಾಲಿಗೆಯ ತುದಿಗೆ ಬಂದದ್ದು ನನಗೇ ಕಾಣಿಸಿತು. ಕಣ್ಣು ಮುಚ್ಚಿ ಎರಡು ಬೆರಳಿನಿಂದ ಹಣೆ ಒತ್ತಿಕೊಂಡಳು.

"ಸರ್, ಕನ್ನಡಕ ಹತ್ರ ಇದೆಯಾ?"

"ಸೂಜಿಗೆ ದಾರ ಪೋಣಿಸೋದು ಇದೆ."

"ಹಾಕ್ಕೊಳ್ಳಿ. ಪುಟವನ್ನ ಪೂರ್ತಿ ಕೆಳಗೆ ಎಳೀರಿ. ಇನ್ನೂ ಕೆಳಗೆ. ತುದೀಲಿ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ ಇದೆ ನೋಡಿ. ಅದನ್ನ ನನಗೆ ಓದಿ ಹೇಳಿ."

"ನೀನೇ ಓದಮ್ಮ, ಇದು ಪರದಾಟ."

"ಊಹುಂ. ನಾನು ಓದಬಾರದು. ನೀವೇ ಓದಿ."

ದರ್ಜಿ ಗಂಟಲು ಸರಿಮಾಡಿಕೊಂಡರು. ಮಕ್ಕಳು ಪಾಠ ಓದುವ ಹಾಗೆ ಒಂದೊಂದೇ ಪದ ಬಿಡಿಸಿ ಓದಿದರು. "ಸೊನ್ನೆ ಎಂದರೆ... ಯಾವುದೇ ಮರಣ... ದಾಖಲಾಗಿಲ್ಲ. ಅಡ್ಡಗೆರೆ ಎಂದರೆ... ಒಂದರಿಂದ ಒಂಬತ್ತರವರೆಗೆ... ಮರಣ ದಾಖಲಾಗಿದ್ದು... ಸಂಖ್ಯೆಯನ್ನು... ತೋರಿಸಲಾಗಿಲ್ಲ."

ನಿಲ್ಲಿಸಿದರು. ಕೊನೆಯ ಸಾಲನ್ನು ಇನ್ನೊಮ್ಮೆ ತಮ್ಮಷ್ಟಕ್ಕೆ ಓದಿಕೊಂಡರು. ನನ್ನ ಕೈಯಲ್ಲಿ ಬಿಡಿಸುತ್ತಿದ್ದ ಬಟಾಣಿ ಹಾಗೇ ಉಳಿಯಿತು.

"ಒಂದರಿಂದ ಒಂಬತ್ತು" ಎಂದರು. "ಸೊನ್ನೆ ಅಲ್ಲ."

"ಸರ್, ಪುಟದಲ್ಲಿ ಏನಿದೆಯೋ ಅದು ನೀವು ಓದಿದ್ದು. ನಾನು ಏನೂ ಹೇಳಿಲ್ಲ."

"ನೀನು ಏನೂ ಹೇಳಿಲ್ಲ ತಾಯಿ." ಧ್ವನಿ ಒಡೆಯಿತು, ಮತ್ತೆ ಸರಿಹೋಯಿತು. "ನಮ್ಮೂರು. ಅವಳ ತಿಂಗಳು. ಅವಳ ವಯಸ್ಸಿನ ಹೆಂಗಸು. ಅದೇ ಉಸಿರಿನ ಕಾಯಿಲೆ. ವರ್ಷವೆಲ್ಲ ಯಾರೂ ಇಲ್ಲ, ಅಲ್ಲೊಂದು ಗೆರೆ. ಇನ್ಯಾರಿರ್ತಾರೆ ಹೇಳು? ಬೇಡ, ನೀನು ಹೇಳ್ಬೇಡ. ಇದಾಳೆ. ನಾನಿಷ್ಟು ದಿನ ಅವಳನ್ನ ನೋಡ್ತಾನೇ ಇದ್ದು ಬೈತಿದ್ದೆ."

"ಇನ್ನೇನಾದ್ರೂ ಸಹಾಯ ಬೇಕಾ ಸರ್?" ಎಂದಳು ಸೊಸೆ. ಪ್ರತಿ ಕರೆಯ ಕೊನೆಗೂ ಕೇಳಲೇಬೇಕಾದ ಮಾತದು.

"ಬೇಡಮ್ಮ. ನೀನು ಊಟ ಮಾಡು. ಧ್ವನಿ ಬಹಳ ಸೋತಿದೆ."

ಫೋನ್ ಇಟ್ಟರು. ಸೊಸೆ ಕುರ್ಚಿಯಲ್ಲೇ ಹಿಂದಕ್ಕೆ ಒರಗಿದಳು. ಅವಳ ಮುಖದಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ. ದೂರದಿಂದ ನಡೆದು ಬಂದು ಕಟ್ಟೆಯ ಮೇಲೆ ಕೂತವಳ ಹಾಗಿದ್ದಳು.

"ಮೇಲಿನೋಳು ಕೇಳಿಸ್ಕೊಂಡಿರ್ತಾಳಾ?" ಎಂದೆ.

"ಕೇಳಿಸ್ಕೊಂಡ್ರೆ ಕೇಳಿಸ್ಕೊಳ್ಲಿ ಅತ್ತೆ. ಓದಿಸಿದ್ದಕ್ಕೂ ಬೈದ್ರೆ ಬೈಸ್ಕೊಳ್ಳೋಣ."

"ಮೊದಲನೇ ದಿನವೇ ಓದಿಸ್ಬೋದಿತ್ತಲ್ಲೇ?"

ಅವಳು ಕಿವಿಯ ಹಿಂದಿನ ಗಾಯ ಮುಟ್ಟಿ ನೋಡಿಕೊಂಡಳು. "ಆ ಸಣ್ಣ ಅಕ್ಷರ ನನ್ನ ಕಣ್ಣಿಗೇ ಬೀಳೋದು ಬಿಟ್ಟು ಎಷ್ಟೋ ಕಾಲ ಆಯ್ತು" ಎಂದಳು. ಅಷ್ಟರಲ್ಲಿ ಮತ್ತೆ ಫೋನ್ ಬಂತು. ಯಾರಿಗೋ ಮಕ್ಕಳ ಲಸಿಕೆಯ ಲೆಕ್ಕ ಬೇಕಿತ್ತು. ಪುಟದ ಎಡಗಡೆ ನೋಡಿ ಸರ್, ಒಂದರ ಕೆಳಗೊಂದು ಡಬ್ಬಿ ಇವೆ, ಎಂದು ಮೊದಲಿನಿಂದ ಶುರುಮಾಡಿದಳು.

ಕತ್ತಲಾಗುವ ಮುಂಚೆ ಮಗ ಬಂದ, ಕೈಗೆಲ್ಲ ಗ್ರೀಸು. "ಕಚೇರಿ ಮುಚ್ತಾ? ಸಾಮಾನ್ಯ ಜನರಿಗೆ ಕುರ್ಚಿ ಸಿಗತ್ತಾ?" ಎಂದ. ಸೊಸೆ ವೈರುಗಳನ್ನು ಸುತ್ತಿ ಕಪಾಟಿನ ಮೇಲಿಟ್ಟಳು. ಅವತ್ತೂ ಕುಡಿಯದೆ ಕೆನೆಗಟ್ಟಿದ್ದ ಚಹಾ ಮೋರಿಗೆ ಚೆಲ್ಲಿದಳು. ಬಟ್ಟೆ ಹಿಂಡಿ ಮೇಜನ್ನು ಈ ತುದಿಯಿಂದ ಆ ತುದಿಯವರೆಗೆ ಒರೆಸಿ, ಮೂರು ತಟ್ಟೆ ಇಟ್ಟಳು.