ಭರತೇಶರ ತರಗತಿ, ನನ್ನ ಹೊಟ್ಟೆಕಿಚ್ಚು

ಕಳೆದ ಶತಮಾನದ ನಡುಭಾಗದ ಅಮೆರಿಕದ ಜನಪ್ರಿಯ ಸಂಗೀತವನ್ನು, ಎಂದರೆ ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸು, ಟ್ರಾನ್ಸಿಸ್ಟರ್ ರೇಡಿಯೋ, ಬೀದಿ ಮೂಲೆಯಲ್ಲಿ ನಿಂತು ಹಾಡುತ್ತಿದ್ದ ಕಪ್ಪು ಸಮುದಾಯದ ಹುಡುಗರ ಮೇಳಗಳ ಆ ಕಾಲವನ್ನು, ಟೊರಾಂಟೊ ಸುತ್ತಮುತ್ತ ಪ್ರೊಫೆಸರ್ ಭರತೇಶರಷ್ಟು ಪ್ರೀತಿಯಿಂದ ಪಾಠ ಹೇಳಿದವರು ಮತ್ತೊಬ್ಬರಿಲ್ಲ. ಕಾರ್ಕಳ ಮೂಲದ ಈ ಮಹನೀಯರು ನಾರ್ತ್ ಯಾರ್ಕಿನ ನಮ್ಮ ಕಾಲೇಜಿನಿಂದ ನಿವೃತ್ತರಾಗುತ್ತಿರುವ ಈ ಶುಭ ಸಂದರ್ಭದಲ್ಲಿ, ಬೀಳ್ಕೊಡುಗೆ ಸಂಚಿಕೆಯ ಸಂಪಾದಕಿ ಅರುಂಧತಿಯವರು ನಾಲ್ಕು ಒಳ್ಳೆಯ ಮಾತು ಬರೆದುಕೊಡಿರೆಂದು ನನ್ನನ್ನು ಕೇಳಿದ್ದಾರೆ. ಬರೆಯುತ್ತೇನೆ. ಆದರೆ ಇಡೀ ಸೇವಾವಧಿಯನ್ನು ಇವರ ಪಕ್ಕದ ಕೋಣೆಯಲ್ಲಿ ಹೊಟ್ಟೆ ಉರಿದುಕೊಂಡೇ ಕಳೆದವನು ನಾನು. ಅದನ್ನು ಬಿಟ್ಟು ಬರೆಯಲು ನನ್ನಿಂದಾಗದು.

ನಾವಿಬ್ಬರೂ ಒಂದೇ ವರ್ಷ ಸೇವೆಗೆ ಸೇರಿದವರು. ಸ್ವರಲಿಪಿ, ರಾಗಶಾಸ್ತ್ರ, ಅಮೆರಿಕದ ಬ್ಯಾಂಡುಗಳ ಇತಿಹಾಸ ಎಲ್ಲವನ್ನೂ ಅರೆದು ಕುಡಿದಿದ್ದವನು ನಾನು; ಭರತೇಶರೋ, ರೆಕಾರ್ಡು ಹಾಕಿ, ಚಪ್ಪಾಳೆ ತಟ್ಟಿಸಿ, ಬೇಕೆನಿಸಿದರೆ ತಾವೇ ಎರಡು ಹೆಜ್ಜೆ ಕುಣಿದು ಪಾಠ ಮುಗಿಸುವವರು. ನನ್ನ ತರಗತಿಯಲ್ಲಿ ಹಿಂದಿನ ಸಾಲುಗಳೆಲ್ಲ ಖಾಲಿ. ಅವರ ತರಗತಿಯಲ್ಲಿ, ರೆಕ್ಸ್‌ಡೇಲಿನಿಂದ ಬಸ್ಸು ಬದಲಾಯಿಸಿ ಬಂದ ಮಕ್ಕಳು ಜಾಗವಿಲ್ಲದೆ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಹೋಗಲಿ ಎಂದರೆ, ನನ್ನ ಮಗಳು ತನ್ವಿಯೂ ಅವರ ಪಾಠಕ್ಕೇ ಸೇರಿ, ಊಟಕ್ಕೆ ಕುಳಿತಾಗ, ‘ಅಪ್ಪಾ, ಅಂಕಲ್ ಕ್ಲಾಸ್ ಸೋ ಫನ್! ನಿಮ್ಮದು ಮಾತ್ರ ಯಾಕೆ ಅಷ್ಟು ಬೋರು?’ ಎಂದು ಕೇಳಿದಳು. ಅಂದು ನಾನು ಮಜ್ಜಿಗೆಗೂ ಕಾಯದೆ ಎದ್ದುಬಿಟ್ಟೆ.

ಒಮ್ಮೆ ಭರತೇಶರಿಗೆ ಜ್ವರ ಬಂದು, ಅವರ ಪಾಠ ನನ್ನ ಪಾಲಿಗೆ ಬಂತು. ಆ ಕಾಲದ ಪುಟ್ಟ ರೆಕಾರ್ಡುಗಳ ನಡುವೆ ದೊಡ್ಡ ತೂತು. ಸಾಮಾನ್ಯ ಪ್ಲೇಯರಿನಲ್ಲಿ ನುಡಿಸಬೇಕಾದರೆ ಅದಕ್ಕೆ ಅಡಾಪ್ಟರ್ ಎಂಬ ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ಕೂರಿಸಬೇಕು. ಕುಣಿಯದೆಯೂ ಪಾಠ ಮಾಡಬಹುದೆಂದು ತೋರಿಸಿಬಿಡುವ ಅವಸರದಲ್ಲಿ ನಾನು ಅದನ್ನು ಮರೆತೆ. ರೆಕಾರ್ಡು ಸೊಟ್ಟಸೊಟ್ಟವಾಗಿ ತಿರುಗಿತು, ಗಾಯಕಿಯ ದನಿ ತೂಗಾಡತೊಡಗಿತು. ಅದೇ ಆಕೆಯ ಶೈಲಿಯೆಂದು ನಂಬಿದ ನಾನು, ಅಲ್ಲಿಯ ಚರ್ಚಿನ ಹಾಡಿಕೆಯಿಂದ ನಮ್ಮ ಗಮಕದವರೆಗೆ ಎಳೆದು ತಂದು, ಅದನ್ನು ಮತ್ತೆ ಮತ್ತೆ ಕೇಳಿಸಿ ಪೂರ್ತಿ ಉಪನ್ಯಾಸವನ್ನೇ ಕೊಟ್ಟೆ! ಕೊನೆಗೆ ತನ್ವಿ ಎದ್ದು ಬಂದು ಮೇಜಿನ ಮೇಲೇ ಬಿದ್ದಿದ್ದ ಬಿಲ್ಲೆಯನ್ನು ಎತ್ತಿ ತೋರಿಸಿದಳು. ಮರುವಾರ ಭರತೇಶರು, ‘ಉಮಾಶಂಕರ್ ಸರ್ ಬೇಕೆಂದೇ ನಿಮ್ಮ ಕಿವಿಗಳನ್ನು ಪರೀಕ್ಷೆ ಮಾಡಿದ್ದು’ ಎಂದು ಮಕ್ಕಳಿಗೆ ಹೇಳಿ ನನ್ನ ಮಾನ ಉಳಿಸಿದರು. ದೊಡ್ಡ ಉಪಕಾರ, ನಿಜ. ಆದರೆ ನಗೆಪಾಟಲಾದವನು ನಾನು, ಎಂಥ ದೊಡ್ಡ ಮನಸ್ಸು ಎಂದು ಹೊಗಳಿಸಿಕೊಂಡವರು ಅವರು. ಇದ್ಯಾವ ನ್ಯಾಯ?

ಇವರು ನಿವೃತ್ತರಾದ ಮೇಲಾದರೂ ಆ ಪಾಠ ನನಗೆ ಬಂದೀತೆಂದು ಕಾದಿದ್ದೆ. ಈ ವಸಂತದಲ್ಲಿ ಅದು, ಅವರದೇ ಶಿಫಾರಸಿನ ಮೇಲೆ, ಈಗ ನಮ್ಮಲ್ಲೇ ಅರೆಕಾಲಿಕ ಅಧ್ಯಾಪಕಿಯಾಗಿರುವ ತನ್ವಿಯ ಪಾಲಾಯಿತು. ಮಗಳಿಗೆ ಸಿಕ್ಕಿತೆಂದು ಹಿಗ್ಗಿದೆ, ನನಗೆ ತಪ್ಪಿತೆಂದು ಕುದಿದೆ. ಅಂದು ಓಕ್‌ವಿಲ್ಲಿನ ರೈಲಿನಲ್ಲಿ ಮನೆಗೆ ಹೋಗುತ್ತಿರುವಾಗ ಭರತೇಶರ ಫೋನು ಬಂತು.

‘ಬೇಜಾರಾಯ್ತಾ ಮಾರಾಯ್ರೆ?’

‘ಬೇಜಾರಲ್ಲ ಕಣ್ರೀ, ಹೊಟ್ಟೆಕಿಚ್ಚು. ನನಗೆ ಕೊಡಿಸೋಕೆ ನಿಮಗೇನು ಕಷ್ಟ ಇತ್ತು?’

‘ನಿಮಗೆ ಕೊಟ್ರೆ ನನಗೆ ಹೊಟ್ಟೆಕಿಚ್ಚಾಗ್ತದಲ್ಲ!’ ಎಂದು ಅವರು ನಕ್ಕರು. ‘ಹಳೇ ಸ್ಟೂಡೆಂಟ್ಸ್ ಸಿಕ್ಕಿದಾಗೆಲ್ಲ ಕೇಳ್ತೇನೆ, ಯಾವ ಕ್ಲಾಸು ನೆನಪುಂಟು ಅಂತ. ಎಲ್ಲರೂ ಹೇಳುವುದು ನಿಮ್ಮ ಆ ಸೊಟ್ಟ ರೆಕಾರ್ಡಿನದ್ದೇ. ದನಿಯನ್ನು ಕಿವಿಗೊಟ್ಟು ಕೇಳ್ಲಿಕ್ಕೆ ಕಲಿತದ್ದೇ ಅವತ್ತಂತೆ. ಇಷ್ಟು ವರ್ಷ ಕುಣಿದವ ನಾನು, ನೆನಪಲ್ಲಿ ಉಳಿದವರು ನೀವು. ನನಗೆ ಎಷ್ಟು ಉರಿದಿರ್ಬೇಕು ಹೇಳಿ!’

ಸಮಾಧಾನಕ್ಕೆ ಹೇಳಿದ ಮಾತಿರಬೇಕೆಂದು ಮನೆಗೆ ಬಂದು ತನ್ವಿಯನ್ನು ವಿಚಾರಿಸಿದೆ.

‘ಆಫ್ ಕೋರ್ಸ್ ಅಪ್ಪಾ, ಸೆಪ್ಟೆಂಬರಲ್ಲಿ ನನ್ನ ಫಸ್ಟ್ ಕ್ಲಾಸೇ ಅದು,’ ಎಂದಳು. ‘ಅಡಾಪ್ಟರ್ ಹಾಕದೇ ಪ್ಲೇ ಮಾಡ್ತೀನಿ, ಲೆಕ್ಚರ್ ನೀವೇ ಬಂದು ಕೊಡಿ. ಅಂಕಲ್ ಆಲ್ರೆಡಿ ಬ್ಯಾಕ್ ರೋನಲ್ಲಿ ಸೀಟ್ ಕೇಳಿದ್ದಾರೆ.’

ಭರತೇಶರು ನೂರು ಕಾಲ ಬಾಳಲಿ. ಅವರ ಕಾಲಿನ ಕುಣಿತವೂ ಕಿವಿಯ ಚುರುಕೂ ಕುಂದದಿರಲಿ. ಸೆಪ್ಟೆಂಬರಿನಲ್ಲಿ ಅವರು ಹಿಂದಿನ ಸಾಲಿನಲ್ಲಿ ಕುಳಿತು ನನ್ನ ಪಾಠವನ್ನು ಮೊದಲಿಂದ ಕೊನೆಯವರೆಗೂ ಕೇಳಲಿ, ಕೇಳಿ ಚೆನ್ನಾಗಿ ಹೊಟ್ಟೆ ಉರಿದುಕೊಳ್ಳಲಿ.