ಸೋದರಮಾವನ ತಲೆ

ನಾನು ತುಮಕೂರಿನಲ್ಲಿ ಆರ್ಟ್ ಸ್ಕೂಲ್ ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಮನೆಯವರೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಮಣ್ಣಿನಲ್ಲಿ ಅವರ ತಲೆ ಮಾಡಿ ಅಂದರು ಮೇಷ್ಟ್ರು. ಅಪ್ಪನಿಗೆ ಪುರುಸೊತ್ತಿರಲಿಲ್ಲ, ಅಮ್ಮನಿಗೆ ನಾಚಿಕೆ. ಆವತ್ತು ಬಟವಾಡಿಯ ನಮ್ಮ ಮನೆಗೆ ಬಂದಿದ್ದ ಸೋದರಮಾವ ಮಾತ್ರ ನಾನು ಬಾಯಿ ಬಿಡುವ ಮೊದಲೇ ಮೀಸೆ ತೀಡಿಕೊಂಡು, ಗದ್ದ ಎತ್ತಿ ಕೂತುಬಿಟ್ಟ. ಅವನಿಗೆ ನಿಟ್ಟೂರಿನಲ್ಲಿ ಸೈಕಲ್, ಮೊಪೆಡ್ಡು ರಿಪೇರಿ ಮಾಡುವ ಅಂಗಡಿ ಇತ್ತು.

"ಮಣ್ಣು ನಾನೇ ತತ್ತೀನಿ, ಅಂಗಡಿ ಮಣ್ಣು ಬ್ಯಾಡ" ಅಂದ. ಕಡಬದ ಕೆರೆಯ ಜೇಡಿಮಣ್ಣನ್ನು ಮೂಟೆ ಕಟ್ಟಿ ಬಸ್ಸಿಗೆ ಹಾಕಿಕೊಂಡು ಬಂದ. ಮೂಟೆ ಸೋರಿ ಸೀಟೆಲ್ಲ ಕೆಸರು. ಏನ್ರೀ ಇದು ಅಂತ ಕಂಡಕ್ಟರ್ ರೇಗಿದ್ದಕ್ಕೆ, "ನನ್ನ ತಲೆ ಕಣಯ್ಯ" ಅಂದನಂತೆ. ಆಮೇಲೆ ಕಂಡಕ್ಟರ್ ಅವನ ಹತ್ತಿರ ಸುಳಿಯಲಿಲ್ಲ.

ಕೂತಲ್ಲಿ ಮಾವನ ಬಾಯಿ ನಿಲ್ಲುತ್ತಿರಲಿಲ್ಲ. ನಾನು ತುಟಿ ಮುಚ್ಚಿಸಿ ಮಾಡಿದರೆ ಅವನದು ತೆರೆದಿರುತ್ತಿತ್ತು. ಹೇಗೋ ತಲೆ ಮುಗಿಯಿತು. ಇನ್ನು ಅದನ್ನು ಎರಡು ಹೋಳು ಮಾಡಿ, ಒಳಗಿನ ಮಣ್ಣು ಕೆರೆದು ತೆಗೆದು, ಮತ್ತೆ ಕೂಡಿಸಬೇಕಿತ್ತು. ನಾನು ಕೊಯ್ಯಲು ತಂತಿ ಹಿಡಿದದ್ದೇ ತಡ, ಮಾವ ಸ್ಟೂಲಿನಿಂದ ಎದ್ದ.

"ಏನವ್ವಾ, ನನ್ನ ತಲೆ ಖಾಲಿ ಮಾಡ್ತೀಯಾ? ಊರೋರು ಅನ್ನೋದು ಸಾಲ್ದಾ? ಹಂಗೇ ಇರ್ಲಿ ಬುಡು!"

ಹಿರಿಯರ ಮಾತು ಅಂತ ಹಾಗೇ ಬಿಟ್ಟೆ. ಸ್ಕೂಲಿನಲ್ಲಿ ಮಣ್ಣು ಸುಡುವ ಗೂಡಿಗೆ ಬೆಂಕಿ ಹಾಕಿದ ದಿನ ಒಳಗಿಂದ ಢಮಾರ್ ಅನ್ನುವ ಸದ್ದು. ಆರಿದ ಮೇಲೆ ತೆಗೆದು ನೋಡಿದರೆ ಮಾವನ ತಲೆ ಚೂರುಚೂರು. ಹೋಗುವಾಗ ಪಕ್ಕದಲ್ಲಿದ್ದ ಗೆಳತಿಯ ಮಣ್ಣಿನ ಆನೆಯ ಸೊಂಡಿಲನ್ನೂ ಕರೆದುಕೊಂಡು ಹೋಗಿತ್ತು.

"ತುಂಬಿದ ತಲೆ ಒಡೆದೇ ಒಡೀತದಮ್ಮ" ಅಂದರು ಮೇಷ್ಟ್ರು.

ನಿಟ್ಟೂರಿಗೆ ಹೋಗಿ ವಿಷಯ ತಿಳಿಸಿದೆ. ಮಾವ ಪಂಕ್ಚರ್ ಹಾಕುವುದನ್ನು ನಿಲ್ಲಿಸಿದ. "ಮೀಸೆನೂ ಹೋಯ್ತಾ?" ಹೋಯಿತು ಅಂದೆ. ಎದ್ದು ಹೋಗಿ ಗುಜರಿ ಮೂಲೆಯಿಂದ ಹಳೇ ಚೈನು, ಬೇರಿಂಗು, ಮಡ್ಗಾರ್ಡು ಎಲ್ಲ ತಂದು ನನ್ನ ಮುಂದೆ ಸುರಿದ. "ಕಬ್ಬಿಣದಾಗೆ ಮಾಡು. ಅದು ಹೆಂಗೆ ಒಡೀತದೋ ನೋಡೇಬುಡಾಣ."

ನಾನು ಅಲ್ಲಿಯವರೆಗೆ ಸ್ಕೂಲಿನ ವೆಲ್ಡಿಂಗ್ ಮೆಷಿನ್ ಮುಟ್ಟಿರಲಿಲ್ಲ. ಮೊದಲ ದಿನ ರಾಡು ಮಡ್ಗಾರ್ಡಿಗೇ ಅಂಟಿಕೊಂಡಿತು. ಎಳೆದರೆ ಮಡ್ಗಾರ್ಡೂ ಜೊತೆಗೆ ಬಂತು. ಕಪ್ಪು ಕನ್ನಡಕ ಸರಿಸಿ ಒಂದು ಸಲ ಕಿಡಿಯನ್ನು ಕದ್ದು ನೋಡಿದ್ದಕ್ಕೆ ಸಂಜೆಯಷ್ಟರಲ್ಲಿ ಕಣ್ಣಿಗೆ ಮರಳು ತುಂಬಿದಂತಾಗಿ, ಬಟವಾಡಿಯ ಕ್ಲಿನಿಕ್ಕಿನಲ್ಲಿ ಅಮ್ಮನ ಕೈ ಹಿಡಿದು ಕಣ್ಣೀರು ಸುರಿಸುತ್ತಾ ಕೂತೆ. ಯಾರು ಸತ್ತರು ಅಂತ ಪಕ್ಕದವರೊಬ್ಬರು ಅಮ್ಮನನ್ನು ಕೇಳಿದರು. ಆದರೂ ಬಿಡಲಿಲ್ಲ. ಕೆಂಪಗೆ ಕರಗಿದ ಅಂಚು ಇನ್ನೊಂದು ಅಂಚನ್ನು ಹಿಡಿದುಕೊಳ್ಳುವುದನ್ನು ನೋಡಿದ ಮೇಲೆ ಕೈ ತಾನಾಗಿ ಅತ್ತ ಹೋಗುತ್ತಿತ್ತು.

ಸ್ಕೂಲಿನ ಪ್ರದರ್ಶನಕ್ಕೆ ಮಾವ ಅತ್ತೆಯನ್ನೂ ಕರೆದುಕೊಂಡು ಬಂದ. ಚೈನಿನ ಮೀಸೆ, ಬೇರಿಂಗಿನ ಕಣ್ಣು. ಮಾವ ಸುತ್ತಲೂ ತಿರುಗಿ ನೋಡಿದ, ಬೆರಳಲ್ಲಿ ತಟ್ಟಿದ. ಟಣ್ ಅಂತು, ಒಳಗೆ ಖಾಲಿ. ಮುಖ ಸಪ್ಪಗಾಯಿತು. ಮಾತೇ ಕಡಿಮೆಯಿದ್ದ ನಮ್ಮತ್ತೆ ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನಂಗೆ ಗದರೋವಾಗ ಥೇಟ್ ಹಿಂಗೇ ಇರ್ತಾರೆ ಕಣೇ!" ಸುತ್ತಲಿದ್ದವರೂ ನಕ್ಕರು. ಮಾವ ಅವಳನ್ನು ಒಮ್ಮೆ, ಕಬ್ಬಿಣವನ್ನು ಒಮ್ಮೆ ನೋಡಿ, ಕೊನೆಗೆ ತಾನೂ ನಕ್ಕ.

ಹೊರಡುವಾಗ ಅತ್ತೆ ನನ್ನನ್ನು ಬಾಗಿಲ ಮರೆಗೆ ಕರೆದು ಕೇಳಿದಳು: "ನಂದೂ ಮಾಡ್ತೀಯಾ? ಮಣ್ಣಲ್ಲೇ ಮಾಡು. ಒಳಗಿಂದ ಎಷ್ಟು ಬೇಕಾದ್ರೂ ತಕ್ಕೋ, ನಂಗೇನೂ ಬೇಜಾರಿಲ್ಲ."

ಆ ರಜೆಯಲ್ಲಿ ನಿಟ್ಟೂರಿನ ಅವರ ಹಿತ್ತಲಲ್ಲಿ ಅತ್ತೆ ನನ್ನೆದುರು ಕೂತಳು. ಅಡುಗೆಮನೆಯಿಂದ ಮಾವ ಸಾರಿಗೆ ಉಪ್ಪೆಷ್ಟು ಅಂತ ಕೂಗಿದರೂ ಅವಳು ಕತ್ತು ಹೊರಳಿಸಲಿಲ್ಲ.